ಹಿಗ್ಗಿಸದ ಚಿತ್ರ

"ಅಲ್ಲಾಡಬ್ಯಾಡಣ್ಣ!" ಎಂದು ತಿಮ್ಮೇಶ ಕ್ಯಾಮೆರಾ ಹಿಂದಿನಿಂದ ಕೂಗಿದ. ಬೆಳಿಗ್ಗೆಯಿಂದ ಇದು ಹತ್ತನೇ ಸಲವೋ, ಹನ್ನೊಂದನೆಯದೋ.

"ಲೇ, ಟಗರೂ ಇಷ್ಟೊತ್ತು ನಿಂತ್ಕಳಲ್ಲ ಕಣಲೇ. ಎಡಕ್ಕೆ ಹೋಗು ಅಂತೀಯ, ಬಲಕ್ಕೆ ಹೋಗು ಅಂತೀಯ. ಹೊಟ್ಟೆ ಒಳಗೆ ಎಳ್ಕಂಡು ಎಳ್ಕಂಡು ಉಸಿರೇ ಸಿಕ್ಕಂಗಾತು," ಎಂದ ಚಿತ್ರಲಿಂಗಪ್ಪ. ತಿಮ್ಮೇಶನ ಅಣ್ಣ, ಮೂವತ್ತೆಂಟರವನು. ಕುರಿ ಕಾಯುವವನಾದರೂ ಮೈಕೈ ತುಂಬಿಕೊಂಡ ಆಳು. ಮನೆ ಮುಂದಿನ ಕಣದಲ್ಲಿ ತಲೆ ಮೇಲೆ ಕಂಬಳಿ ಹೊದ್ದು, ಕೋಲು ಊರಿಕೊಂಡು ನಿಂತಿದ್ದ.

"ನಿನ್ನ ಹೊಟ್ಟೆ ಒಳಗಿದ್ರೂ ಒಂದೇ, ಹೊರಗಿದ್ರೂ ಒಂದೇ. ಇದು ಎಲ್ಲಾನೂ ಹಿಂಡೇ ತಗಳದು."

ಆ ಅನಮಾರ್ಫಿಕ್ ಲೆನ್ಸು ತಿಮ್ಮೇಶನದಲ್ಲ. ಮದುವೆ ವಿಡಿಯೊ ತೆಗೆಯುತ್ತಲೇ ಕೆಲಸ ಕಲಿತ ಅವನಿಗೆ ಸಿನಿಮಾದ ಕ್ಯಾಮೆರಾಮನ್ ಒಬ್ಬರು ನಂಬಿ ಕೊಟ್ಟಿದ್ದರು. ಅಗಲವಾದ ನೋಟವನ್ನು ಎರಡೂ ಕಡೆಯಿಂದ ಒತ್ತಿ ಕ್ಯಾಮೆರಾದೊಳಕ್ಕೆ ತುಂಬುವ ಲೆನ್ಸು ಅದು. ಆಮೇಲೆ ಅಡ್ಡಕ್ಕೆ ಹಿಗ್ಗಿಸಿದರೆ ಚಿತ್ರ ತೆರೆಯ ತುಂಬ ಹರಡಿಕೊಳ್ಳುತ್ತದೆ. ತಿಮ್ಮೇಶನ ಫುಲ್ ಫ್ರೇಮ್ ಕ್ಯಾಮೆರಾಕ್ಕೆ ಹಾಕಿದರೆ ಮೂಲೆಗಳು ಕಪ್ಪಾಗುತ್ತವೆಯೋ, ಅಂಚಿನಲ್ಲಿ ನಿಂತವನ ಮುಖ ಸೊಟ್ಟಗಾಗುತ್ತದೆಯೋ ಎಂದು ಪರೀಕ್ಷೆ ಮಾಡಿ, ಐಮಂಗಲದಲ್ಲಿ ನಾಲ್ಕರ ಬಸ್ಸು ಹಿಡಿಯಬೇಕು. ಪರೀಕ್ಷೆ ಒಪ್ಪಿಗೆಯಾದರೆ ಅವರ ಮುಂದಿನ ಸಿನಿಮಾದಲ್ಲಿ ಅವನಿಗೂ ಒಂದು ಕೆಲಸ.

"ಉಂಡು ಅದೇನ್ ಮಾಡ್ತೀರೋ ಮಾಡ್ರೋ! ಮುದ್ದೆ ಆರ್ತೈತೆ!" ಒಳಗಿನಿಂದ ಅವ್ವ ಬರಗೇರಮ್ಮ ಮೂರನೇ ಸಲ ಕೂಗಿದಳು. ಆ ಮನೆಯ ಹೊಸಿಲನ್ನು ಯಾರೂ ಖಾಲಿ ಹೊಟ್ಟೆಯಲ್ಲಿ ದಾಟುವಂತಿರಲಿಲ್ಲ. ಇಪ್ಪತ್ತು ವರ್ಷದಿಂದ ಹೀಗೇ. ಕರೆಂಟ್ ಬಿಲ್ಲು ಕೊಡಲು ಬಂದವನೂ ಒಂದು ತುತ್ತು ಬಾಯಿಗೆ ಹಾಕಿಕೊಂಡೇ ಹೋಗಬೇಕು.

ಕೂಗಿ ಸಾಕಾಗಿ ಅವಳೇ ಹೊರಗೆ ಬಂದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ತಿಮ್ಮೇಶನ ಬೆನ್ನ ಹಿಂದೆ ನಿಂತಳು. ಮೂಲೆಗಳನ್ನು ನೋಡಲೆಂದು ಅವನು ಆಗಷ್ಟೇ ಹಿಗ್ಗಿಸುವ ಸೆಟ್ಟಿಂಗ್ ತೆಗೆದಿದ್ದ. ಅಂಗೈಯಗಲದ ಮಾನಿಟರಿನಲ್ಲಿ ಚಿತ್ರಲಿಂಗಪ್ಪನ ದುಂಡು ಮುಖ ಉದ್ದವಾಗಿತ್ತು. ಕೆನ್ನೆ ಇಳಿದು, ಹೊಟ್ಟೆ ಕರಗಿ, ಕಂಬಳಿಯ ಕೆಳಗೆ ಗಳದಂಥ ಸಣಕಲು ಮನುಷ್ಯನೊಬ್ಬ ಕೋಲು ಹಿಡಿದು ನಿಂತಿದ್ದ.

ಬರಗೇರಮ್ಮನ ಕೈ ಸೆರಗಿನಲ್ಲೇ ನಿಂತುಹೋಯಿತು. "ಇವ್ನು ಯಾವಾಗ ಬಂದ್ನೋ?"

"ಯಾರವ್ವ? ಅಣ್ಣನೇ ಅದು. ತಡಿ, ಸರಿ ಮಾಡ್ತೀನಿ." ತಿಮ್ಮೇಶ ಬಟನ್ ಒತ್ತಿದ. ಅಣ್ಣ ಮತ್ತೆ ಊದಿಕೊಂಡ.

"ಲೇ! ಎಲ್ಲಿಗೆ ಕಳಿಸ್ದೆ ಅವ್ನ?" ಅವಳು ಮಗನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು. "ಮೊದ್ಲಿನಂಗೇ ಮಾಡು. ನಿಮ್ಮಪ್ಪ ಕಣೋ ಅದು."

ಅಪ್ಪನದೆಂದು ಆ ಮನೆಯಲ್ಲಿದ್ದದ್ದು ವೋಟರ್ ಕಾರ್ಡಿನ ಕಪ್ಪು ಮಚ್ಚೆಯಂಥ ಒಂದು ಫೋಟೊ. ಅದನ್ನೇ ಹಿರಿಯೂರಿನ ಸ್ಟುಡಿಯೊದಲ್ಲಿ ದೊಡ್ಡದು ಮಾಡಿಸಿದಾಗ, ಅವರು ಅದಕ್ಕೊಂದು ಕೋಟು, ಟೈ ತೊಡಿಸಿ ಕೊಟ್ಟಿದ್ದರು. "ಯಾವ ಸಾಹೇಬನೋ ಇವ್ನು, ಇವನಿಗ್ಯಾಕೆ ನಾನು ಎಡೆ ಇಡ್ಲಿ?" ಎಂದು ಅವ್ವ ಅದನ್ನು ಗೋಡೆಗೆ ಮುಖ ಮಾಡಿ ಇಟ್ಟುಬಿಟ್ಟಿದ್ದಳು. ಹಿರಿಯರ ಹಬ್ಬಕ್ಕೆ ಎಡೆ ಇಡುತ್ತಿದ್ದದ್ದು ಮಡಿಸಿದ ಕಂಬಳಿಯ ಮುಂದೆ. ಅಪ್ಪ ಹೋದಾಗ ತಿಮ್ಮೇಶನಿಗೆ ಐದು ವರ್ಷ. ಆ ಮುಖ ಅವನಿಗೆ ನೆನಪಿರಲಿಲ್ಲ.

ಅವನು ಬಟನ್ ಒತ್ತಿದ. ಸಣಕಲು ಮನುಷ್ಯ ವಾಪಸ್ ಬಂದ.

ಬರಗೇರಮ್ಮ ಮಾನಿಟರಿಗೆ ಮುಖ ತಂದಳು. ಇಪ್ಪತ್ತು ವರ್ಷದ ಹಿಂದೆ ಆವತ್ತು ಬೆಳಿಗ್ಗೆ ಏನೋ ಸಣ್ಣ ಮಾತಿಗೆ ಜಗಳವಾಗಿ, ಗಂಡ ತಟ್ಟೆ ತಳ್ಳಿ ಕುರಿ ಹೊಡೆದುಕೊಂಡು ಹೋಗಿದ್ದ. ಮಧ್ಯಾಹ್ನ ಹೈವೇ ದಾಟುವಾಗ ಲಾರಿ ಹೊಡೆದಿತ್ತು. ಕುರಿಗಳ ಹಿಂದೆ ಹದಿನೆಂಟರ ಚಿತ್ರಲಿಂಗಪ್ಪನೂ ಇದ್ದ. ಆ ದಿನದ ಬಗ್ಗೆ ಅವ್ವ ಅವನನ್ನು ಒಂದು ಮಾತೂ ಕೇಳಿರಲಿಲ್ಲ. ಅವನೂ ಹೇಳಿರಲಿಲ್ಲ.

"ತಟ್ಟೆ ತಳ್ಳಿ ಹೋದ್ಯಲ್ಲ ಆವತ್ತು," ಎಂದಳು ಅವಳು ಮಾನಿಟರಿಗೆ. ಪಕ್ಕದ ಮನೆಯವರ ಜೊತೆ ಮಾತಾಡುವಷ್ಟೇ ದನಿ. "ಆಮ್ಯಾಕಾರ ಏನಾರ ಉಂಡ್ಯಾ?"

ಹೈವೇಯಲ್ಲಿ ಲಾರಿಯೊಂದು ಹಾರನ್ ಹಾಕುತ್ತ ಹೋಯಿತು. ಹನ್ನೆರಡು ಅಡಿ ದೂರದಲ್ಲಿ ಚಿತ್ರಲಿಂಗಪ್ಪ ಕೋಲನ್ನು ಇನ್ನೊಂದು ಕೈಗೆ ಬದಲಾಯಿಸಿದ. ಮಾನಿಟರಿನ ಉದ್ದ ಮುಖದ ತುಟಿ ಅಲ್ಲಾಡಿತು.

"ಉಂಡೆ," ಎಂದ. "ಹುಡುಗನ ಬುತ್ತಿಯಾಗೆ ಅರ್ಧ ಉಂಡೆ. ಸಿಟ್ಟೂ ಇಳಿದಿತ್ತು."

ಬರಗೇರಮ್ಮ ಸೆರಗನ್ನು ತಲೆ ಮೇಲೆ ಎಳೆದುಕೊಂಡು, ಮಾನಿಟರಿನ ಗಾಜಿನ ಮೇಲೆ ಕೂತಿದ್ದ ಧೂಳನ್ನು ಬೆರಳಿನಿಂದ ಒರೆಸಿದಳು.

"ಹ್ಞೂಂ. ಈಗ ನಿನ್ ಮಿಷಿನ್ ಸರಿ ಮಾಡ್ಕಳಪ್ಪ," ಎಂದು ತಿಮ್ಮೇಶನಿಗೆ ಹೇಳಿ ಒಳಗೆ ಹೋದಳು. ತಟ್ಟೆ ಹಾಕುವ ಸದ್ದು ಕೇಳಿಸಿತು.

"ಮುಗೀತೇನಲೇ?" ಚಿತ್ರಲಿಂಗಪ್ಪ ಅತ್ತ ಎಲ್ಲೋ ನೋಡುತ್ತ ಕೇಳಿದ.

ತಿಮ್ಮೇಶನ ಬೆರಳು ಬಟನ್ ಮೇಲಿತ್ತು. ಒತ್ತಲಿಲ್ಲ.

"ಇನ್ನೊಂಚೂರು ಅಲ್ಲಾಡಬ್ಯಾಡಣ್ಣ," ಎಂದ. "ನಾನಿನ್ನೂ ನೋಡಿಲ್ಲ."