ಅವ್ವ ಹೊರಟ ಸಂಜೆ

"ಈ ವರ್ಷ ಅವ್ವನ ಎಡೆ ನನ್ನ ಮನೇಲಿ," ಅಂದ ಗಿಲ್ಸು ಫೋನಿನಲ್ಲಿ. "ಹಿರೇ ಮಗ ನಾನು."

ಬೂಸಾನಿನ ತನ್ನ ಅಡುಗೆಮನೆಯಲ್ಲಿ ಎಡೆಗೆಂದು ಮೀನು ಹಸನು ಮಾಡುತ್ತಿದ್ದ ಮಾಲ್ಸುನ್ ಕೈ ನಿಲ್ಲಿಸಿದಳು. ಅಣ್ಣ ಇರುವುದು ಬ್ಯೂನಸ್ ಐರಿಸ್‌ನಲ್ಲಿ, ಭೂಮಿಯ ಆಚೆ ಮಗ್ಗುಲಲ್ಲಿ. ಅಲ್ಲೊಂದು ಬಟ್ಟೆ ಅಂಗಡಿ. ಮೂರು ವರ್ಷದ ಕೆಳಗೆ ಅವ್ವ ಹೋದ ಸುದ್ದಿ ಕೇಳಿದವನೇ ವಿಮಾನ ಹತ್ತಿದ್ದ. ಬಂದು ಸೇರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಆ ಸಂಕಟ ಅವನಿಗಿನ್ನೂ ಇಳಿದಿಲ್ಲವೆಂದು ಇವಳಿಗೂ ಗೊತ್ತು. ಹಾಗಂತ ಎಡೆ ಬಿಟ್ಟುಕೊಡುವುದುಂಟೇ? ಕೊನೆಗಾಲದಲ್ಲಿ ಅವ್ವನಿಗೆ ತುತ್ತು ತಿನ್ನಿಸಿದ ಕೈ ಇದು. ಹಟಕ್ಕೆ ಬಿದ್ದರೆ ಮಾಲ್ಸುನ್ ಯಾರ ಮಾತೂ ಕೇಳುವವಳಲ್ಲ.

"ನೀನೂ ಇಡು, ನಾನೂ ಇಡ್ತೀನಿ."

"ಒಂದೇ ದಿನ ಎರಡು ಕಡೆ ಹೇಗೆ ಉಣ್ತಾಳೆ? ನಿನ್ನ ಮನೇಲಿ ಉಂಡು ಹೊರಟ್ರೆ ಇಲ್ಲಿಗೆ ಮುಟ್ಟೋದ್ರೊಳಗೆ ದಿನ ಕಳೆದಿರುತ್ತೆ. ಹತ್ತೊಂಬತ್ತು ಸಾವಿರ ಕಿಲೋಮೀಟರು ಕಣೇ. ನೇರ ವಿಮಾನ ಇಲ್ಲ, ನಡುವೆ ಇಳಿದು ಹತ್ತಬೇಕು. ಮೂವತ್ತು ಗಂಟೆ."

"ಸತ್ತೋರಿಗೆ ಎಂಥಾ ವಿಮಾನವೋ ಅಣ್ಣಾ?"

"ಮತ್ತೆ, ರೆಕ್ಕೆ ಕಟ್ಕೊಂಡು ಬರ್ತಾಳಾ? ಮಾರ್ಕೆಟ್ಟಿನ ಬಸ್ಸಲ್ಲೇ ವಾಂತಿ ಮಾಡ್ಕೊಳ್ಳೋಳು."

ಇಬ್ಬರಿಗೂ ನಗು ಬಂತು. ನಿಜ, ಎರಡು ಸ್ಟಾಪಿನ ದಾರಿಗೂ ಅವ್ವ ಕಿವಿಯ ಹಿಂದೆ ವಾಂತಿ ತಡೆಯುವ ದುಂಡನೆಯ ಔಷಧಿ ಪಟ್ಟಿ ಅಂಟಿಸಿಕೊಂಡೇ ಹೊರಡುತ್ತಿದ್ದಳು. ನಗು ಮುಗಿದ ಮೇಲೆ ಅಣ್ಣನ ದನಿ ಸಣ್ಣಗಾಯಿತು. "ಪ್ರತಿ ವರ್ಷ ಆ ದಿನ ಬಾಗಿಲು ತೆಗೆದಿಟ್ಟು ಕೂರ್ತೀನಿ. ನಿನ್ನ ಮನೇಲಿ ಇರ್ತಾಳಲ್ಲ, ಎಲ್ಲಿಂದ ಬಂದಾಳು."

ಫೋನಿಟ್ಟ ಮೇಲೂ ಮಾಲ್ಸುನ್ ಅಲ್ಲೇ ಕೂತಿದ್ದಳು. ಕಿಟಕಿಯಾಚೆ ಸಮುದ್ರ, ಅದರ ಮೇಲೆ ಬಿಳಿ ಮೋಡ. ಆ ಮೋಡದ ಮೇಲೆ ಅವ್ವ ವಿಮಾನದ ಸೀಟಿನ ತುದಿಯಲ್ಲಿ ಕೂತಿದ್ದಾಳೆ, ಮಡಿಲಲ್ಲಿ ಬಟ್ಟೆಯ ಗಂಟು. ಏನು ಕೊಡಬಂದರೂ ಬೇಡ ಬೇಡ ಅನ್ನುತ್ತಿದ್ದಾಳೆ. ಕೆಳಗೆ ಮುಗಿಯದ ನೀಲಿ. ಹೊತ್ತು ಮುಳುಗುತ್ತದೆ, ಮತ್ತೆ ಹುಟ್ಟುತ್ತದೆ, ಅವ್ವ ಇನ್ನೂ ದಾರಿಯಲ್ಲೇ ಇದ್ದಾಳೆ. ಪಾಪ, ತೂಕಡಿಸಿದರೆ ತಲೆ ಒರಗಿಸಲು ಪಕ್ಕದಲ್ಲಿ ಯಾರೂ ಇಲ್ಲ.

"ಎಡೆ ಇವತ್ತೇ ಸಂಜೆ ಇಟ್ಬಿಡೋಣ," ಎಂದಳು ಗಂಡನಿಗೆ.

ಜೊಂಗ್‌ಪಿಲ್ ಪೇಪರಿನಿಂದ ತಲೆ ಎತ್ತಿದ. "ತಿಥಿ ನಾಳೆ ಅಲ್ವೇನೇ?"

"ನಾಳೆ ಅವಳು ಅಣ್ಣನ ಮನೇಲಿರಬೇಕು. ಇವತ್ತು ಹೊರಟ್ರೆ ಸರಿಹೋಗುತ್ತೆ."

ಅವನು ಪೇಪರು ಮಡಚಿಟ್ಟ. "ಹಾಗಾದ್ರೆ ಎಣ್ಣೇದೇನೂ ಬಡಿಸ್ಬೇಡ. ದಾರಿ ದೂರ."

ಸಂಜೆ ಬಾಗಿಲು ತೆರೆದಿಟ್ಟು, ಅವ್ವನ ಫೋಟೊ ಮುಂದೆ ಅನ್ನ, ತಿಳಿಸಾರು, ಬೇಯಿಸಿದ ಮೀನು ಇಟ್ಟರು. ಅವ್ವನಿಗೆಂದು ಅನ್ನದಲ್ಲಿ ಚಮಚ ನೆಟ್ಟು ಇಬ್ಬರೂ ಅಡ್ಡಬಿದ್ದರು. ಅವ್ವ ನಿರಾಳವಾಗಿ ಉಣ್ಣಲಿ ಎಂದು ಗಂಡ ಹೆಂಡತಿ ಹೊರಗೆ ಬಂದು ನಿಂತಾಗ ಮಾಲ್ಸುನ್ ಅಣ್ಣನಿಗೆ ಬರೆದಳು: 'ಅವ್ವ ಈಗ ಹೊರಡ್ತಾಳೆ. ನಾಳೆ ಬಾಗಿಲು ತೆಗೆದಿಡು.' ಬರೆದು ಮುಗಿಸುವಾಗ ಕಣ್ಣು ಮಂಜಾಯಿತು. ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ.

ಒಳಗೆ ಬಂದು ಔಷಧಿ ಡಬ್ಬಿ ತಡಕಿದಳು. ದುಂಡನೆಯ ಪಟ್ಟಿಯೊಂದನ್ನು ಬಿಡಿಸಿ, ಫೋಟೊದ ಗಾಜಿನ ಮೇಲೆ, ಅವ್ವನ ಕಿವಿಯ ಹಿಂದಕ್ಕೆ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದಳು. ಆಮೇಲೆ ಇನ್ನೊಂದನ್ನು ತೆಗೆದು ಫೋಟೊ ಪಕ್ಕದಲ್ಲಿಟ್ಟಳು.

"ನಡುವೆ ಇಳಿದು ಹತ್ತೋವಾಗ ಬದಲಾಯಿಸ್ಕೋ ಅವ್ವಾ."