ಚಿಪ್ಪಣಬೆ

ಅಣಬೆ ಬಿಡಿಸುತ್ತಿದ್ದ ಅತ್ತೆಯ ಕೈ ತಟ್ಟನೆ ನಿಂತಿತು. "ಏನಂದೆ?"

"ಚಿಪ್ಪಣಬೆ ಅತ್ತೆ. ಸಮುದ್ರದ ಚಿಪ್ಪಿನ ಥರಾನೇ ಇದೆಯಲ್ಲ, ಅದಕ್ಕೇ ಆ ಹೆಸರಂತೆ," ಎಂದಳು ಸೊಸೆ. ತರಕಾರಿಯವನು ಹೇಳಿದ್ದನ್ನೇ ಒಪ್ಪಿಸಿದ್ದಳು, ಅಷ್ಟೆ.

ಅತ್ತೆ ಬೂದು ಬಣ್ಣದ ಅಣಬೆಯೊಂದನ್ನು ಅಂಗೈಯಲ್ಲಿಟ್ಟು, ಅದರ ಅಂಚಿನ ಗುಂಟ ಹೆಬ್ಬೆರಳು ಆಡಿಸಿದರು. ಆಮೇಲೆ ಮೂಗಿಗೆ ಹಿಡಿದರು. "ಉಪ್ಪಿನ ವಾಸನೆನೇ ಇಲ್ವಲ್ಲೇ," ಎಂದಾಗ ಅವರ ದನಿ ಚಿಕ್ಕ ಹುಡುಗಿಯದಾಗಿತ್ತು. ಕಡಲತಡಿಯ ತವರಿನ ಮಾತನ್ನು ಮದುವೆಯಾಗಿ ಬಂದ ಮೇಲೆ ಅವರು ಬಾಯಿತಪ್ಪಿಯೂ ಎತ್ತಿದವರಲ್ಲ.

ಸೊಸೆ ಒಲೆ ಆರಿಸಿ ಪಕ್ಕದಲ್ಲಿ ಬಂದು ಕೂತಳು. "ನಾಳೆನೇ ಹೋಗಿಬರೋಣ ಅತ್ತೆ. ನಿಮ್ಮೂರಿಗೆ ಯಾವ ಬಸ್ಸು?"

ಅತ್ತೆ ಅಣಬೆಯನ್ನು ಅಂಗೈಯಲ್ಲೇ ಮಗುಚಿ ಹಾಕಿದರು.

"ಬಸ್ಸು ಗೊತ್ತಿಲ್ಲ ಕಣೇ. ನಾನು ದೋಣೀಲಿ ಬಂದವಳು."