ಎರಡನೆಯ ಮೀಟರ್

"ಮೀಟರ್ ಕೆಟ್ಟಿದೆ ಕಣ್ರೀ," ಎಂದಳು ಹೆಂಡತಿ, ಬೆರಳ ತುದಿಯ ರಕ್ತವನ್ನು ಬಟ್ಟೆ ಚೂರಿಗೆ ಒರೆಸುತ್ತ. ಸಕ್ಕರೆ ಅಳೆಯುವ ಯಂತ್ರ ಇನ್ನೂರ ನಲವತ್ತೆಂಟು ತೋರಿಸುತ್ತಿತ್ತು. ಅದೂ ಖಾಲಿ ಹೊಟ್ಟೆಯಲ್ಲಿ.

ಗಂಡನಿಗೆ ಈ ಮಾತು ಹೊಸದಲ್ಲ. ಇಪ್ಪತ್ತೆರಡು ವರ್ಷದಿಂದ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುವುದೇ ಅವನ ಕೆಲಸ. ನಾವೇ ಜಾಸ್ತಿ ಉರಿಸಿದ್ದೇವೆ ಎಂದು ಒಪ್ಪಿಕೊಂಡವರನ್ನು ಅವನು ಇದುವರೆಗೆ ಕಂಡಿಲ್ಲ.

ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿ ಮೂರು ತಿಂಗಳಾಗಿತ್ತು. ಮೊದಲು, ಲ್ಯಾಬಿನವರು ಚೀಟಿ ಅದಲುಬದಲು ಮಾಡಿದ್ದಾರೆ ಎಂದಳು. ಆಮೇಲೆ, ಡಾಕ್ಟರಿಗೆ ವಯಸ್ಸು ಸಾಲದು ಎಂದಳು. ಮಾತ್ರೆಗಳು ಗುಂಡಿ ಡಬ್ಬಿ ಸೇರಿದ್ದವು. ಅಂಗಿಯ ಗುಂಡಿಗಳೂ ಬಿಳಿ, ಮಾತ್ರೆಗಳೂ ಬಿಳಿ, ಹಾಗಾಗಿ ಅವನಿಗೆ ಗೊತ್ತಾಗಲು ತಡವಾಯಿತು.

ದೂರು ಬಂದರೆ ಪಕ್ಕದಲ್ಲೇ ಇನ್ನೊಂದು ಮೀಟರ್ ಕೂರಿಸಿ ತಾಳೆ ನೋಡುವುದು ಅವನ ಕಚೇರಿಯ ಕ್ರಮ. ಮರುದಿನ ಹೊಸ ಯಂತ್ರ ತಂದ. ಮೊದಲು ತನ್ನ ಬೆರಳು ಚುಚ್ಚಿಕೊಂಡ. ಎರಡರಲ್ಲೂ ತೊಂಬತ್ತಾರು. ಆಮೇಲೆ ಅವಳದು. ಹಳೆಯದರಲ್ಲಿ ಇನ್ನೂರ ಐವತ್ತೆರಡು, ಹೊಸದರಲ್ಲಿ ಇನ್ನೂರ ಐವತ್ತೈದು.

"ನೋಡಿದ್ರಾ? ಒಂದಕ್ಕೊಂದು ತಾಳೆನೇ ಇಲ್ಲ."

"ಡಾಕ್ಟರಿಗೆ ತೋರಿಸೋ ಪುಸ್ತಕದಲ್ಲಿ ಏನಂತ ಬರೀಲಿ?"

"ಕರೆಂಟ್ ಬಿಲ್ಲಲ್ಲಿ ಬರೀತೀರಲ್ಲ, ಹಾಗೇ ಮನೆಗೆ ಬೀಗ ಹಾಕಿತ್ತು ಅಂತ ಬರ್ಕೊಳ್ಳಿ." ರೂಮಿಗೆ ಹೋಗಿ ಚಿಲಕ ಹಾಕಿಕೊಂಡಳು.

ಬೀಗ ಹಾಕಿದ ಮನೆ ಮುಂದೆ ಅವನು ಎರಡು ನಿಮಿಷಕ್ಕಿಂತ ಹೆಚ್ಚು ನಿಂತವನಲ್ಲ. ಅವತ್ತು ಕುರ್ಚಿ ಎಳೆದುಕೊಂಡು ಬಾಗಿಲೆದುರು ಕೂತ. ಒಳಗೆ ಹೊಲಿಗೆ ಯಂತ್ರ ಅರ್ಧ ಗಂಟೆ ಒಂದೇ ಸಮನೆ ಓಡಿತು. ಆಮೇಲೆ ನಿಂತಿತು.

"ಅಮ್ಮಂಗೂ ಇಷ್ಟೇ ಇತ್ತು," ಎಂದಿತು ಒಳಗಿನ ದನಿ. "ಕೊನೆಕೊನೆಗೆ ಕಣ್ಣೇ ಹೋಯ್ತು. ಸೂಜಿಗೆ ದಾರ ಪೋಣಿಸೋಕೂ ನನ್ನೇ ಕೂಗ್ತಿದ್ಲು."

"ಗೊತ್ತು."

"ನನಗೆ ಯಾರು ಪೋಣಿಸ್ತಾರೆ?"

ಅವನು ಯೋಚಿಸಿದ. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ನನ್ನ ನಂಬ್ಕೋಬೇಡ. ನನಗೆ ಈಗಲೇ ಸೂಜಿ ಕಣ್ಣು ಕಾಣಲ್ಲ. ಅದಕ್ಕೇ ಮಾತ್ರೆ ತಗೋ ಅಂತಿರೋದು."

ಒಳಗೆ ಮೂಗು ಏರಿಸಿದ ಸದ್ದಾಯಿತು.

ಮಾರನೆಯ ಬೆಳಿಗ್ಗೆ ಅವನು ಕೆಲಸಕ್ಕೆ ಹೊರಟು ನಿಂತಾಗ ಅವಳು ಮುಖ ಅತ್ತ ತಿರುಗಿಸಿ ಕೈ ಚಾಚಿದಳು.

"ಎಡಗೈಗೆ ಚುಚ್ಚಿ," ಎಂದಳು. "ಬಲಗೈ ಕೆಲಸಕ್ಕೆ ಬೇಕು."